ಕೂದಲೆಣ್ಣೆಯ ಸ್ಪರ್ಧೆಗೆ ಬಂದ ವಿಜ್ಞಾನ ಕಥೆ

1896ರಲ್ಲಿ ಕಲ್ಕತ್ತೆಯಲ್ಲಿ ಒಂದು ಕಥಾ ಸ್ಪರ್ಧೆ ನಡೆಯಿತು. ನಡೆಸಿದವರು ಸಾಹಿತ್ಯ ಸಂಸ್ಥೆಯವರಲ್ಲ, ಸುಗಂಧ ದ್ರವ್ಯದ ಉದ್ಯಮಿ ಹೇಮೇಂದ್ರ ಮೋಹನ ಬೋಸ್. ಅವರು ತಯಾರಿಸುತ್ತಿದ್ದ ತಲೆಯೆಣ್ಣೆಯ ಹೆಸರು 'ಕುಂತಲೀನ್'. ಕಥೆಯಲ್ಲಿ ಎಲ್ಲಾದರೂ ಈ ಎಣ್ಣೆಯ ಹೆಸರು ಬರಬೇಕು, ಆದರೆ ಓದುವವರಿಗೆ ಜಾಹೀರಾತು ಅನ್ನಿಸಬಾರದು ಎಂಬುದು ಸ್ಪರ್ಧೆಯ ನಿಯಮ. ಆ ವರ್ಷ ಬಹುಮಾನ ಪಡೆದ ಕಥೆ 'ನಿರುದ್ದೇಶೇರ್ ಕಾಹಿನಿ'. ಲೇಖಕರ ಹೆಸರು ಅಚ್ಚಾಗಿರಲಿಲ್ಲ. ಬರೆದವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಜಗದೀಶಚಂದ್ರ ಬೋಸ್.

ಕಲ್ಕತ್ತೆಗೆ ಭಾರಿ ಚಂಡಮಾರುತ ಅಪ್ಪಳಿಸಲಿದೆ ಎಂದು ಹವಾಮಾನ ತಜ್ಞರು ಎಚ್ಚರಿಕೆ ಕೊಡುತ್ತಾರೆ. ಊರೆಲ್ಲ ಬಾಗಿಲು ಭದ್ರ ಮಾಡಿಕೊಂಡು ಕೂತರೂ ಚಂಡಮಾರುತ ಬರುವುದೇ ಇಲ್ಲ. ಎಲ್ಲಿ ಹೋಯಿತು ಎಂದು ವಿಜ್ಞಾನಿಗಳು ತಲೆ ಕೆಡಿಸಿಕೊಳ್ಳುತ್ತಾರೆ. ಉತ್ತರ ಗೊತ್ತಿರುವುದು ಕಥೆ ಹೇಳುತ್ತಿರುವ ಒಬ್ಬನಿಗೇ. ಜ್ವರ ಬಂದು ಕೂದಲೆಲ್ಲ ಉದುರಿದ್ದ ಅವನು ವೈದ್ಯರ ಮಾತಿನಂತೆ ಹವಾ ಬದಲಾವಣೆಗೆ ಸಿಂಹಳದ ಹಡಗು ಹತ್ತಿರುತ್ತಾನೆ. ಮಗಳು ಅಪ್ಪನ ಚೀಲದಲ್ಲಿ ಒಂದು ಸೀಸೆ ಕುಂತಲೀನ್ ಇಟ್ಟಿರುತ್ತಾಳೆ. ನಡುಗಡಲಲ್ಲಿ ಬಿರುಗಾಳಿ ಎದ್ದು ಹಡಗು ಇನ್ನೇನು ಮುಳುಗಬೇಕು ಅನ್ನುವಾಗ, ಎಣ್ಣೆ ಬಿದ್ದಲ್ಲಿ ನೀರು ಶಾಂತವಾಗುತ್ತದೆ ಎಂದು ಎಂದೋ ಓದಿದ್ದು ಅವನ ನೆನಪಿಗೆ ಬರುತ್ತದೆ. ಸೀಸೆಯನ್ನು ಸಮುದ್ರಕ್ಕೆ ಸುರಿಯುತ್ತಾನೆ, ಅಲೆಗಳು ಅಡಗುತ್ತವೆ. ಕಲ್ಕತ್ತೆಗೆ ಬರಬೇಕಿದ್ದ ಚಂಡಮಾರುತ ಅಲ್ಲಿಗೇ ಮುಗಿಯುತ್ತದೆ.

ನೀರಿನ ಮೇಲೆ ತೆಳುವಾಗಿ ಹರಡಿದ ಎಣ್ಣೆ ಅಲೆಗಳನ್ನು ತಗ್ಗಿಸುತ್ತದೆ ಎಂಬುದು ನಾವಿಕರಿಗೆ ಹಿಂದಿನಿಂದಲೂ ಗೊತ್ತಿದ್ದ ಸಂಗತಿ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಂ ಕೊಳಕ್ಕೆ ಒಂದು ಚಮಚ ಎಣ್ಣೆ ಸುರಿದು ಇದನ್ನು ಪರೀಕ್ಷಿಸಿದ್ದ. ಆ ನಿಜವನ್ನು ಬೋಸರು ಊಹೆಗೂ ನಿಲುಕದ ಅಳತೆಗೆ ಹಿಗ್ಗಿಸಿದರು. ಸ್ಪರ್ಧೆಯ ನಿಯಮವನ್ನು ಹೊರೆ ಎಂದುಕೊಳ್ಳದೆ ಅದನ್ನೇ ಕಥೆಯ ಕೀಲಿಯಾಗಿಸಿದರು. ಭಾರತೀಯ ಭಾಷೆಗಳ ಮೊದಮೊದಲ ವಿಜ್ಞಾನ ಕಥೆಗಳ ಸಾಲಿನಲ್ಲಿ ಇಂದಿಗೂ ಹೆಸರು ಹೇಳುವ ಈ ಕಥೆ ಬಂದದ್ದು ವಿಜ್ಞಾನ ಕಥೆಗೆಂದು ಏರ್ಪಡಿಸಿದ ಸ್ಪರ್ಧೆಯಿಂದಲ್ಲ, ಕೂದಲೆಣ್ಣೆಯ ಪ್ರಚಾರದ ಸ್ಪರ್ಧೆಯಿಂದ.

ಇದಾಗಿ 78 ವರ್ಷಗಳ ಮೇಲೆ, 1974ರಲ್ಲಿ, ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ 'ಕೃಷ್ಣ ವಿವರ' ಎಂಬ ಕಥೆ ಬಂತು. ಕಪ್ಪುರಂಧ್ರದ ಮೇಲಿನ ಕಥೆ. ಕಳಿಸಿದವರ ಹೆಸರು ನಾರಾಯಣ ವಿನಾಯಕ ಜಗತಾಪ್. ಮೊದಲ ಬಹುಮಾನ ಬಂದ ಮೇಲೆ ಗುಟ್ಟು ರಟ್ಟಾಯಿತು: ಬರೆದವರು ಜಯಂತ ವಿಷ್ಣು ನಾರ್ಳೀಕರ್. ಜ, ವಿ, ನಾ ಎಂಬ ತಮ್ಮ ಮೊದಲಕ್ಷರಗಳನ್ನು ತಿರುಗಿಸಿ ನಾ, ವಿ, ಜ ಮಾಡಿಕೊಂಡಿದ್ದರು. ತಮ್ಮ ಕೈಬರಹ ಗುರುತು ಸಿಕ್ಕೀತೆಂದು ಕಥೆಯನ್ನು ಪತ್ನಿ ಮಂಗಲಾ ಅವರಿಂದ ಬರೆಸಿ ಕಳಿಸಿದ್ದರು. ಆ ಹೊತ್ತಿಗೆ ಅವರು ಪದ್ಮಭೂಷಣ ಪಡೆದು ವರ್ಷಗಳಾಗಿದ್ದವು, ದೇಶದ ಹೆಸರಾಂತ ಖಗೋಳ ವಿಜ್ಞಾನಿ. ಹೆಸರಿನ ಬಲದಿಂದ ಯಾವ ಸಂಪಾದಕರಿಗೆ ಕೊಟ್ಟಿದ್ದರೂ ಕಥೆ ಅಚ್ಚಾಗುತ್ತಿತ್ತು. ಅವರಿಗೆ ಬೇಕಿದ್ದದ್ದು ತಮ್ಮ ಕಥೆ ಕಥೆಯಾಗಿ ನಿಲ್ಲುತ್ತದೆಯೇ ಎಂಬುದಕ್ಕೆ ಉತ್ತರ. ಅದನ್ನು ಪಡೆಯಲು ಹೆಸರು ಮುಚ್ಚಿ ಓದುವ ಸ್ಪರ್ಧೆಯನ್ನೇ ಆರಿಸಿಕೊಂಡರು. 2021ರ ನಾಸಿಕದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ಆ ದಾರಿಯ ಮೊದಲ ಹೆಜ್ಜೆ ಆ ಸ್ಪರ್ಧೆಯೇ.

ವಿಜ್ಞಾನ ಕಥೆ ಬರೆದಿಟ್ಟುಕೊಂಡು ಎಲ್ಲಿಗೆ ಕಳಿಸುವುದು ಎಂದು ಕೇಳುವ ಎಳೆಯರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಇಂಜಿನಿಯರಿಂಗ್ ಓದುವವರು, ಲ್ಯಾಬಿನಲ್ಲಿ ಕೆಲಸ ಮಾಡುವವರು, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರುಗಳು. "ಸರ್, ನಮ್ಮ ಪತ್ರಿಕೆಗಳು ಇಂಥದ್ದನ್ನು ತಗೊಳ್ತಾವಾ?" ಅನ್ನುವುದು ಮೊದಲ ಪ್ರಶ್ನೆ. ಅವರಿಗೆಲ್ಲ ನಾನು ಈ ಎರಡು ಕಥೆಗಳ ಸಂಗತಿ ಹೇಳುತ್ತೇನೆ. ಬಾಗಿಲ ಮೇಲೆ 'ವಿಜ್ಞಾನ ಕಥೆ' ಎಂಬ ಫಲಕ ಇಲ್ಲದಿದ್ದರೂ ಒಳಗೆ ಜಾಗವಿರುತ್ತದೆ.

ಕನ್ನಡದಲ್ಲಿ ವಿಜ್ಞಾನ ಕಥೆಗೆ ಒಂದು ಪರಂಪರೆ ಇದೆ. ರಾಜಶೇಖರ ಭೂಸನೂರಮಠರು ದಶಕಗಳ ಕಾಲ ಈ ಪ್ರಕಾರಕ್ಕಾಗಿ ದುಡಿದರು. 1993ರಲ್ಲಿ ಬಾಳ ಫೋಂಡಕೆ ಅವರ ಸಂಪಾದಕತ್ವದಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಭಾರತೀಯ ಭಾಷೆಗಳ ವಿಜ್ಞಾನ ಕಥೆಗಳ 'ಇಟ್ ಹ್ಯಾಪನ್ಡ್ ಟುಮಾರೋ' ಸಂಕಲನ ತಂದಾಗ ಅದರಲ್ಲಿ ಭೂಸನೂರಮಠರ ಕಥೆಯೂ ಇತ್ತು. ಮನು, ಸಂತೋಷಕುಮಾರ ಮೆಹೆಂದಳೆ ಅವರಂಥವರು ಕನ್ನಡದ ಓದುಗರಿಗೆ ಈ ರುಚಿ ಹತ್ತಿಸಿದರು. ಹಾಗಿದ್ದರೂ ದೀಪಾವಳಿ ಕಥಾ ಸ್ಪರ್ಧೆಯಷ್ಟು ಹೆಸರು ಮಾಡಿದ, ವಿಜ್ಞಾನ ಕಥೆಗೆಂದೇ ಮೀಸಲಾದ ಸ್ಪರ್ಧೆ ನಮ್ಮಲ್ಲಿ ಬೆಳೆದಿಲ್ಲ. ಆದ್ದರಿಂದ ಸಾಮಾನ್ಯ ಕಥೆಗಳ ಜೊತೆಯಲ್ಲೇ ಸ್ಪರ್ಧೆಗೆ ಇಳಿಯಬೇಕು.

ಹೀಗೆ ಇಳಿದ ಒಂದು ಕಥೆಯನ್ನು ನಾನು ತೀರ ಹತ್ತಿರದಿಂದ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಯ ಮೊದಲ ಸುತ್ತಿನ ಓದಿಗೆ ನನ್ನನ್ನು ಕರೆದಿದ್ದರು. ಕಟ್ಟಿನಲ್ಲಿ ವಿಜ್ಞಾನ ಕಥೆ ಅನ್ನಬಹುದಾದವು ನಾಲ್ಕೈದು. ಮೂರರಲ್ಲಿ ಮೊದಲ ಎರಡು ಪುಟ ಬರೀ ವಿವರಣೆ: ಇಸವಿ ಇಂಥದ್ದು, ಮನುಷ್ಯ ಇಂಥ ಗ್ರಹಕ್ಕೆ ಹೋಗಿದ್ದಾನೆ, ಯಂತ್ರ ಹೀಗೆ ಕೆಲಸ ಮಾಡುತ್ತದೆ. ಅಷ್ಟು ಓದಿದರೂ ಒಂದು ಜೀವ ಎದುರಿಗೆ ಬರುವುದಿಲ್ಲ. ನಾಲ್ಕನೆಯದರಲ್ಲಿ ಮೊದಲ ಸಾಲಿಗೇ ಒಬ್ಬ ನೀರಗಂಟಿ ಸಿಕ್ಕ. ಕಾಲುವೆಯ ತೂಬು ಕಾಯುವ ಮುದುಕ. ಅವನ ಜಾಗಕ್ಕೆ ಯಾವ ಗದ್ದೆಗೆ ಎಷ್ಟು ನೀರು ಎಂದು ತಾನೇ ತೀರ್ಮಾನಿಸುವ ಯಂತ್ರ ಬರುತ್ತದೆ. ಯಂತ್ರಕ್ಕೆ ಕಲಿಸಲು ಮುದುಕ ಮೂವತ್ತು ವರ್ಷದಿಂದ ಬರೆದಿಟ್ಟ ಪುಸ್ತಕವನ್ನೇ ಉಣಿಸುತ್ತಾರೆ. ಕೆರೆ ಕೆಳಗಿನ ಒಂದು ಕೇರಿಯ ಗದ್ದೆಗಳಿಗೆ ಅವನು ಸದಾ ರಾತ್ರಿ ಸರದಿಯನ್ನೇ ಕೊಡುತ್ತಿದ್ದದ್ದೂ ಅದರಲ್ಲಿತ್ತು. ಯಂತ್ರ ಅದನ್ನೂ ಶ್ರದ್ಧೆಯಿಂದ ಕಲಿಯುತ್ತದೆ. ಈಗ ಆ ಕೇರಿಯವರು ಜಗಳಕ್ಕೆ ಯಾರ ಹತ್ತಿರ ಹೋಗಬೇಕು? ಮುದುಕ ತಾನೇ ಯಂತ್ರದ ಮುಂದೆ ನಿಂತು ಅವರ ಪರವಾಗಿ ವಾದಿಸುವಲ್ಲಿಗೆ ಕಥೆ ನಿಲ್ಲುತ್ತದೆ.

ಓದಿ ಮುಗಿಸಿ ನಾನು ಎದ್ದು ಓಡಾಡಿದೆ. ಆಮೇಲೆ ಸ್ಪರ್ಧೆಯ ಸಂಚಾಲಕರು ಹೇಳಿದರು: ಇದನ್ನು ಪರಿಗಣಿಸುವ ಹಾಗಿಲ್ಲ. ಹಸ್ತಪ್ರತಿಯ ಮೇಲೆ ಹೆಸರು ಇರಬಾರದು ಎಂಬುದು ನಿಯಮ. ಲೇಖಕರು ಪ್ರತಿ ಪುಟದ ಕೆಳಗೂ ಹೆಸರು, ಊರು, ಮೊಬೈಲ್ ನಂಬರು ಹಾಕಿದ್ದರು. ಪದಮಿತಿಯೂ ದಾಟಿತ್ತು. ನಿಯಮ ಎಲ್ಲರಿಗೂ ಒಂದೇ, ನಾನು ವಾದಿಸಲಿಲ್ಲ. ಆ ಕಥೆ ಮುಂದೆ ಎಲ್ಲಾದರೂ ಅಚ್ಚಾಯಿತೇ ಎಂದು ಇವತ್ತಿಗೂ ವಿಶೇಷಾಂಕಗಳನ್ನು ತಿರುವುವಾಗ ಹುಡುಕುತ್ತೇನೆ.

ಅದಕ್ಕೇ ನಿಯಮದ ಮಾತು ಸ್ವಲ್ಪ ವಿವರವಾಗಿ ಹೇಳಬೇಕು.

'ಪ್ರಜಾವಾಣಿ'ಯ ದೀಪಾವಳಿ ಕಥಾ ಸ್ಪರ್ಧೆ ದಶಕಗಳಿಂದ ಕನ್ನಡ ಕಥೆಗಾರರ ಪ್ರವೇಶದ್ವಾರವಾಗಿದೆ. ಯುಗಾದಿಯ ಹೊತ್ತಿಗೂ ಪತ್ರಿಕೆಗಳು ಸ್ಪರ್ಧೆ ಕರೆಯುತ್ತವೆ. 'ಬುಕ್ ಬ್ರಹ್ಮ' ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಕಥಾ ಸ್ಪರ್ಧೆ ನಡೆಸುತ್ತಾ ಬಂದಿದೆ. ಬೆಂಗಳೂರಿನಲ್ಲೇ ಹುಟ್ಟಿದ 'ಪ್ರತಿಲಿಪಿ'ಯಲ್ಲಿ ಕನ್ನಡದ ಕಥೆಗಳಿಗೆ ದೊಡ್ಡ ಓದುಗ ಬಳಗವಿದೆ. ಹತ್ತಾರು ಕಥೆ ಬರೆದು ಇನ್ನೂ ಪುಸ್ತಕ ಮಾಡದವರಿಗೆ ವಸುಧೇಂದ್ರರ 'ಛಂದ ಪುಸ್ತಕ' ಮೊದಲ ಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು, ಪುಸ್ತಕವನ್ನೂ ಪ್ರಕಟಿಸುವ ವ್ಯವಸ್ಥೆ ಮಾಡಿಕೊಂಡಿದೆ. ಸ್ಪರ್ಧೆ ಬೇಡ ಎನ್ನುವವರು 'ಮಯೂರ', 'ಸುಧಾ', 'ತರಂಗ', 'ತುಷಾರ'ಗಳಿಗೆ ನೇರವಾಗಿ ಕಳಿಸಬಹುದು. ಹಬ್ಬದ ಸ್ಪರ್ಧೆಯ ಪ್ರಕಟಣೆ ಹಬ್ಬಕ್ಕೆ ಕೆಲವು ತಿಂಗಳು ಮೊದಲೇ ಬರುತ್ತದೆ. ಪ್ರಕಟಣೆ ನೋಡಿ ಬರೆಯಲು ಕೂತವರ ಕಥೆಗಿಂತ, ಬರೆದಿಟ್ಟು ತಿದ್ದಿ ಪ್ರಕಟಣೆಗೆ ಕಾದವರ ಕಥೆ ಸದಾ ಗಟ್ಟಿಯಾಗಿರುತ್ತದೆ. ಓದುವ ಮೇಜಿನ ಈ ಬದಿಯಲ್ಲಿ ಕೂತು ಹೇಳುತ್ತಿದ್ದೇನೆ.

ನಿಯಮಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಕಥೆ ಸ್ವಂತದ್ದಾಗಿರಬೇಕು, ಅನುವಾದವೋ ರೂಪಾಂತರವೋ ಆಗಿರಬಾರದು, ಎಲ್ಲೂ ಪ್ರಕಟವಾಗಿರಬಾರದು. ಈ 'ಎಲ್ಲೂ' ಅನ್ನುವುದರಲ್ಲಿ ಈಗ ಫೇಸ್‌ಬುಕ್ಕೂ ಸೇರಿದೆ. ಗೆಳೆಯರು ಮೆಚ್ಚಲಿ ಎಂದು ಗೋಡೆಯ ಮೇಲೆ ಹಾಕಿದ ಕಥೆ ಸ್ಪರ್ಧೆಗೆ ಹಳತಾಯಿತು. ಹೆಸರು, ವಿಳಾಸ ಬೇರೆ ಹಾಳೆಯಲ್ಲಿರಬೇಕು. ಫಲಿತಾಂಶ ಬರುವವರೆಗೆ ಅದೇ ಕಥೆಯನ್ನು ಮತ್ತೊಂದು ಕಡೆ ಕಳಿಸಬಾರದು. ಇ-ಮೇಲ್‌ನಲ್ಲಿ ಕಳಿಸುವವರು ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಜೊತೆಗೊಂದು ಪಿಡಿಎಫ್ ಇಡುವುದು ಕ್ಷೇಮ. ಹಳೆಯ ನುಡಿ, ಬರಹ ಫಾಂಟುಗಳ ಕಡತ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ನನ್ನದೇ ಒಂದು ಕಥೆ ಹಾಗೆ ಸತ್ತದ್ದುಂಟು. ಮೂರು ತಿಂಗಳ ಮೇಲೆ ಫೋನ್ ಮಾಡಿದಾಗಲೇ ಅದನ್ನು ಯಾರೂ ಓದಲು ಆಗಿರಲಿಲ್ಲ ಎಂದು ತಿಳಿದದ್ದು.

ಇನ್ನು ಹಕ್ಕು. 'ಸ್ಪರ್ಧೆಗೆ ಬಂದ ಎಲ್ಲ ಕಥೆಗಳ ಹಕ್ಕೂ ಸಂಘಟಕರದ್ದು' ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇದ್ದರೆ ಅಲ್ಲಿಗೆ ಕಳಿಸಬೇಡಿ ಎಂದೇ ನನ್ನ ಸಲಹೆ. ಬಹುಮಾನಿತ ಕಥೆಯನ್ನು ಮೊದಲ ಬಾರಿ ಪ್ರಕಟಿಸುವ ಹಕ್ಕು ಕೇಳುವುದು ನ್ಯಾಯ. ಬಹುಮಾನ ಬಾರದ ಕಥೆಯನ್ನೂ ಇಟ್ಟುಕೊಳ್ಳುವುದು ನ್ಯಾಯವಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಲೇಖಕರ ಪರವಾಗಿದೆ: ಹಕ್ಕಿನ ವರ್ಗಾವಣೆ ಬರಹದಲ್ಲಿ, ಲೇಖಕರ ಸಹಿಯೊಂದಿಗೆ ಆಗಬೇಕು. ಎಷ್ಟು ಅವಧಿಗೆ ಎಂದು ಬರೆಯದಿದ್ದರೆ 5 ವರ್ಷ ಎಂದೇ ಅರ್ಥ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸಿನಿಮಾ, ವೆಬ್ ಸರಣಿಯವರು ಕಥೆ ಹುಡುಕುತ್ತಿರುವ ಈ ದಿನಗಳಲ್ಲಿ ವಿಜ್ಞಾನ ಕಥೆ ಬರೆಯುವವರು ಇದನ್ನು ಮರೆಯಬಾರದು.

ಪ್ರವೇಶ ಶುಲ್ಕದ ಬಗ್ಗೆಯೂ ಒಂದು ಮಾತು. ದುಡ್ಡು ಲೇಖಕನ ಕಡೆಗೆ ಹರಿಯಬೇಕು ಎಂಬುದು ಅಮೆರಿಕದ ವಿಜ್ಞಾನ ಕಥೆಗಾರರು ಹೊಸಬರಿಗೆ ಮೊದಲು ಹೇಳಿಕೊಡುವ ಪಾಠ. ಹಣ ಕೊಡಿ, ಸಂಕಲನದಲ್ಲಿ ನಿಮ್ಮ ಕಥೆ ಹಾಕುತ್ತೇವೆ, ಹತ್ತು ಪ್ರತಿ ನೀವೇ ಕೊಳ್ಳಿ, ಪ್ರಮಾಣಪತ್ರ ಕಳಿಸುತ್ತೇವೆ ಎನ್ನುವವರು ನಮ್ಮಲ್ಲೂ ಹುಟ್ಟಿಕೊಂಡಿದ್ದಾರೆ. ಅವರು ನಡೆಸುವುದು ಸ್ಪರ್ಧೆಯಲ್ಲ, ಮುದ್ರಣದ ವ್ಯಾಪಾರ.

ಇಂಗ್ಲಿಷಿನ ಜಗತ್ತಿನಲ್ಲಿ ಈ ಪ್ರಕಾರಕ್ಕೆಂದೇ ಪತ್ರಿಕೆಗಳಿವೆ. ಈಗ 'ಅನಲಾಗ್' ಎಂಬ ಹೆಸರಿನಲ್ಲಿ ಬರುವ ಪತ್ರಿಕೆ 1930ರಲ್ಲಿ ಶುರುವಾದದ್ದು, 'ಅಸಿಮೋವ್ಸ್' 1977ರದ್ದು, 'ಸ್ಟ್ರೇಂಜ್ ಹೊರೈಜನ್ಸ್' 2000ದಲ್ಲಿ ಅಂತರ್ಜಾಲದಲ್ಲೇ ಹುಟ್ಟಿದ್ದು, 'ಕ್ಲಾರ್ಕ್ಸ್‌ವರ್ಲ್ಡ್' 2006ರದ್ದು. ಅಮೆರಿಕದ ವಿಜ್ಞಾನ ಕಥೆಗಾರರ ಸಂಘ ವೃತ್ತಿಪರ ಸಂಭಾವನೆ ಎಂದು ಒಪ್ಪುವ ಕನಿಷ್ಠ ದರ ಪದವೊಂದಕ್ಕೆ 8 ಸೆಂಟ್. ಅಂದರೆ 4,000 ಪದದ ಕಥೆಗೆ 320 ಡಾಲರ್. ಓದಲು ಶುಲ್ಕವಿಲ್ಲ. ಯಾವ ಪತ್ರಿಕೆ ಈಗ ಕಥೆ ಸ್ವೀಕರಿಸುತ್ತಿದೆ, ಎಷ್ಟು ದಿನದಲ್ಲಿ ಉತ್ತರ ಕೊಡುತ್ತದೆ ಎಂದು ತಿಳಿಯಲು 'ಸಬ್‌ಮಿಷನ್ ಗ್ರೈಂಡರ್' ಎಂಬ ಉಚಿತ ತಾಣವಿದೆ. ಸ್ಪರ್ಧೆಯೇ ಬೇಕೆಂದರೆ 1983ರಲ್ಲಿ ಶುರುವಾದ 'ರೈಟರ್ಸ್ ಆಫ್ ದಿ ಫ್ಯೂಚರ್' ಹೊಸ ಲೇಖಕರಿಗೆ ಮಾತ್ರ ಮೀಸಲು. ಮೂರು ತಿಂಗಳಿಗೊಮ್ಮೆ ನಡೆಯುತ್ತದೆ, ಶುಲ್ಕವಿಲ್ಲ, ಹೆಸರು ಮುಚ್ಚಿಯೇ ಓದುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ನಾನು ಎಲ್ಲಕ್ಕಿಂತ ಮೊದಲು ತೋರಿಸುವುದು 'ಸಮೊವಾರ್'. 'ಸ್ಟ್ರೇಂಜ್ ಹೊರೈಜನ್ಸ್' ಬಳಗ 2017ರಲ್ಲಿ ಆರಂಭಿಸಿದ ಈ ಪತ್ರಿಕೆ ಅನುವಾದಕ್ಕೆಂದೇ ಇರುವುದು. ಅದರ ವಿಶೇಷವೆಂದರೆ ಇಂಗ್ಲಿಷ್ ಅನುವಾದದ ಜೊತೆ ಮೂಲ ಭಾಷೆಯ ಪಠ್ಯವನ್ನೂ ಪ್ರಕಟಿಸುತ್ತದೆ. ಅಂದರೆ ಕನ್ನಡದ ಕಥೆ ಕನ್ನಡ ಲಿಪಿಯಲ್ಲೇ ಅಲ್ಲಿ ನಿಲ್ಲಬಲ್ಲದು. ಕಾಮನ್‌ವೆಲ್ತ್ ಸಣ್ಣಕಥಾ ಪ್ರಶಸ್ತಿಯೂ ಉಚಿತ, ಯಾವ ಪ್ರಕಾರದ ಕಥೆಯಾದರೂ ಸರಿ. ಇಂಗ್ಲಿಷಿನ ಜೊತೆಗೆ ಬಂಗಾಳಿ, ತಮಿಳಿನಲ್ಲಿ ಬರೆದದ್ದನ್ನೂ ಅದು ಸ್ವೀಕರಿಸುತ್ತದೆ. ಕನ್ನಡ ಆ ಪಟ್ಟಿಯಲ್ಲಿಲ್ಲ, ನಾವು ಅನುವಾದಿಸಿಯೇ ಕಳಿಸಬೇಕು. ಕೋಟ್ಯಂತರ ಜನ ಆಡುವ ಭಾಷೆಗೆ ಅಲ್ಲಿ ಜಾಗ ಕೇಳುವ ಕೆಲಸವನ್ನು ನಮ್ಮ ಅಕಾಡೆಮಿಗಳು ಮಾಡಬೇಕು.

ಅನುವಾದಕ್ಕೆ ಕೈಹಾಕುವವರು ಪದಮಿತಿಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. 'ಮನೆಯಲ್ಲಿದ್ದವನಿಗೆ' ಎಂಬುದು ನಮಗೆ ಒಂದು ಪದ. ಇಂಗ್ಲಿಷಿಗೆ ತಂದರೆ ಆರೋ ಏಳೋ ಪದ ಬೇಕು. ಕನ್ನಡದಲ್ಲಿ ಮೂರು ಸಾವಿರ ಪದದೊಳಗೆ ಅಚ್ಚುಕಟ್ಟಾಗಿ ಕೂತ ಕಥೆ ಅಲ್ಲಿ ಮಿತಿ ದಾಟಿ ನಿಲ್ಲುತ್ತದೆ. ಕನ್ನಡದಲ್ಲೇ ಕತ್ತರಿಸಿ ಆಮೇಲೆ ಅನುವಾದಿಸುವುದು ಒಳ್ಳೆಯದು. ಕನ್ನಡದಲ್ಲಿ ಅಚ್ಚಾದ ಕಥೆಯ ಅನುವಾದ ಕಳಿಸುವಾಗ ಮೂಲ ಎಲ್ಲಿ, ಯಾವಾಗ ಪ್ರಕಟವಾಯಿತು ಎಂದು ಪತ್ರದಲ್ಲಿ ಮರೆಯದೆ ಬರೆಯಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೆ ಕನ್ನಡದ ಸಣ್ಣಕಥೆ ಅಂದರೆ ಏನು ಎಂದು ಹೊರಗಿನ ಸಂಪಾದಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೇರವಾಗಿ ಇಂಗ್ಲಿಷಿನಲ್ಲಿ ಬರೆಯುವ ನಮ್ಮ ನೆಲದವರೂ ದೂರ ಹೋಗಿದ್ದಾರೆ. ಬೆಂಗಳೂರಿನ ಲಾವಣ್ಯಾ ಲಕ್ಷ್ಮೀನಾರಾಯಣ್ ಇದೇ ಊರಿನ ಭವಿಷ್ಯವನ್ನು ಒಂದಕ್ಕೊಂದು ಕೊಂಡಿ ಹಾಕಿದ ಕಥೆಗಳಲ್ಲಿ ಕಟ್ಟಿದ ಪುಸ್ತಕ 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು.

ಯಂತ್ರದಿಂದ ಬರೆಸಿದ ಕಥೆಗಳ ವಿಷಯವನ್ನು ಹೇಳದೆ ಬಿಡುವಂತಿಲ್ಲ. 2023ರ ಫೆಬ್ರುವರಿ 20ರಂದು 'ಕ್ಲಾರ್ಕ್ಸ್‌ವರ್ಲ್ಡ್' ಸಂಪಾದಕ ನೀಲ್ ಕ್ಲಾರ್ಕ್ ಕಥೆ ಸ್ವೀಕರಿಸುವುದನ್ನೇ ನಿಲ್ಲಿಸಬೇಕಾಯಿತು. ಆ ತಿಂಗಳು ಅಷ್ಟರಲ್ಲಿ ಸುಮಾರು 500 ಯಂತ್ರರಚಿತ ಕಥೆಗಳು ಬಂದು ಬಿದ್ದಿದ್ದವು. ಮಾರ್ಚ್‌ನಲ್ಲಿ ಮತ್ತೆ ಬಾಗಿಲು ತೆರೆದರು. ಯಂತ್ರದ ಬರಹ ಕಳಿಸಿದವರಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ಸಂಪಾದಕರ ಸಮಯವನ್ನು ಹೀಗೆ ಕದ್ದಾಗ ನಷ್ಟವಾಗುವುದು ಸರದಿಯಲ್ಲಿ ಪ್ರಾಮಾಣಿಕವಾಗಿ ನಿಂತ ಹೊಸ ಲೇಖಕರಿಗೆ. ಮನುಷ್ಯ ಮತ್ತು ಯಂತ್ರದ ಸಂಬಂಧವನ್ನೇ ಬರೆಯಲು ಹೊರಟವರು ಆ ಬರವಣಿಗೆಯನ್ನು ಯಂತ್ರಕ್ಕೆ ವಹಿಸಿದರೆ ಹೇಳಲು ಅವರ ಬಳಿ ಏನೂ ಉಳಿಯುವುದಿಲ್ಲ. ಆ ನೀರಗಂಟಿಯ ಕಥೆಯನ್ನು ಬರೆದವರು ಕಾಲುವೆಯ ಏರಿಯ ಮೇಲೆ ರಾತ್ರಿ ಕಳೆದವರು. ಪ್ರತಿ ವಾಕ್ಯದಲ್ಲೂ ಅದು ಗೊತ್ತಾಗುತ್ತಿತ್ತು.

ಮರಾಠಿ ವಿಜ್ಞಾನ ಪರಿಷತ್ತು ಹುಟ್ಟಿದ್ದು 1966ರಲ್ಲಿ. ಎಂಟು ವರ್ಷದೊಳಗೆ ಅದರ ಕಥಾ ಸ್ಪರ್ಧೆ ಒಬ್ಬ ನಾರ್ಳೀಕರರನ್ನು ಕಥೆಗಾರರನ್ನಾಗಿ ಕಂಡುಕೊಂಡಿತು. ಲಕ್ಷ್ಮಣ ಲೋಂಢೆ, ಸುಬೋಧ ಜಾವಡೇಕರ್, ನಿರಂಜನ ಘಾಟೆ ಅವರಂಥ ಮರಾಠಿಯ ವಿಜ್ಞಾನ ಕಥೆಗಾರರ ಒಂದು ಪೀಳಿಗೆಯೇ ಅಲ್ಲಿ ಬೆಳೆಯಿತು. ನಮ್ಮ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರ ಆಸುಪಾಸಿನಿಂದ ಹಳ್ಳಿಹಳ್ಳಿಗೆ ವಿಜ್ಞಾನ ಮುಟ್ಟಿಸಿದ ಸಂಸ್ಥೆ. ಅದರ 'ಬಾಲ ವಿಜ್ಞಾನ' ಓದಿ ಬೆಳೆದವರಲ್ಲಿ ನಾನೂ ಒಬ್ಬ. ಪರಿಷತ್ತು ಮತ್ತು ನಮ್ಮ ಮಾಸಪತ್ರಿಕೆಗಳಲ್ಲಿ ಯಾವುದಾದರೂ ಒಂದು ಕೂಡಿ ವರ್ಷಕ್ಕೊಂದು ವಿಜ್ಞಾನ ಕಥಾ ಸ್ಪರ್ಧೆ ಏರ್ಪಡಿಸಲಿ ಎಂದು ಈ ಮೂಲಕ ಕೇಳಿಕೊಳ್ಳುತ್ತೇನೆ. ಬಹುಮಾನದ ಮೊತ್ತ ದೊಡ್ಡದಿರಬೇಕಿಲ್ಲ. ಹೆಸರು ಮುಚ್ಚಿ ಓದಲಿ, ತೀರ್ಪುಗಾರರಲ್ಲಿ ಒಬ್ಬರು ವಿಜ್ಞಾನ ಬಲ್ಲವರೂ ಒಬ್ಬರು ಕಥೆ ಬಲ್ಲವರೂ ಇರಲಿ, ಗೆದ್ದ ಕಥೆಗಳು ಅಚ್ಚಾಗಲಿ, ಒಂದು ವರ್ಷವೂ ತಪ್ಪದಿರಲಿ.

ಅಲ್ಲಿಯವರೆಗೆ, ಕಥೆ ಬರೆದಿಟ್ಟುಕೊಂಡವರು ಮುಂದಿನ ಹಬ್ಬದ ಸ್ಪರ್ಧೆಯ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಳ್ಳಿ. ಕಳಿಸುವ ಮುನ್ನ ಪ್ರತಿ ಪುಟದ ಅಡಿಯನ್ನೂ ಇನ್ನೊಮ್ಮೆ ನೋಡಿ. ನಿಮ್ಮ ಹೆಸರು ಅಲ್ಲಿ ಇರಬಾರದು.